ಮರಣದಂಡನೆಯೂ ಮೊರೆಯೂ
(ಕಬ್ಬೂರಿನಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ನಾವು ಪುರಾಣದ ಕಥೆ ಹೇಳುವುದಿಲ್ಲ. ಒಂದು ಅಪೀಲಿನ ಕಥೆ ಹೇಳುತ್ತೇವೆ. ‘ಸ್ವಾಮಿಗಳು ಮಠದಲ್ಲಿ ಕುಳಿತು ಕೋರ್ಟು ಕಚೇರಿಯ ಮಾತು ಯಾಕೆ ಎತ್ತಿದರು?’ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸೀತು. ಕೋರ್ಟಿನ ಮೆಟ್ಟಿಲು ಹತ್ತದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿವೆ? ಬದುವಿನ ಜಗಳ, ಕಾಲುವೆ ನೀರಿನ ಜಗಳ, ದಾಯಾದಿ ಜಗಳ ಎಲ್ಲವೂ ಕೊನೆಗೆ ಚಿಕ್ಕೋಡಿಗೇ ಹೋಗುತ್ತವೆ. ಹೊಲ ಹೋದರೆ ಮತ್ತೆ ಗಳಿಸಬಹುದು. ಹೋದ ಜೀವ ಬಾರದು. ಆದ್ದರಿಂದ ಜೀವವನ್ನೇ ತೆಗೆಯುವ ತೀರ್ಪು ಬಂದಾಗ ಮನುಷ್ಯನು ಯಾರ ಬಾಗಿಲಿಗೆ ಹೋಗಬೇಕು, ಹೇಗೆ ಮೊರೆಯಿಡಬೇಕು, ಆ ಮೊರೆಗೆ ಬೆಲೆ ಏನು ಎಂಬುದನ್ನು ವಿಚಾರಿಸುವುದು ಧರ್ಮದ ಹೊರಗಿನ ಮಾತಲ್ಲ. ಧರ್ಮದ ನಡುವಿನ ಮಾತೇ ಸರಿ.

ಸಂಸ್ಕೃತದಲ್ಲಿ ನ್ಯಾಯಾಧೀಶನಿಗೆ ‘ಪ್ರಾಡ್ವಿವಾಕ’ ಎಂದು ಹೆಸರು. ಕೇಳುವವನು, ಕೇಳಿದ ಮೇಲೆ ವಿವೇಚಿಸುವವನು ಎಂದು ಅದರ ಅರ್ಥ. ಮೊದಲು ಕೇಳಬೇಕು, ಆಮೇಲೆ ವಿವೇಚಿಸಬೇಕು. ಕೇಳದೆ ದಂಡಿಸುವವನು ಆ ಹೆಸರಿಗೆ ಯೋಗ್ಯನಲ್ಲ. ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಭೆಯಲ್ಲಿ ಕೆಟ್ಟದಾಗಿ ನೋಡಲ್ಪಟ್ಟ ವ್ಯವಹಾರವನ್ನು ಅರಸನು ಮರಳಿ ನೋಡಬೇಕು. ತಪ್ಪು ತೀರ್ಪು ಕೊಟ್ಟ ಸಭ್ಯರಿಗೂ ಅದರಿಂದ ಗೆದ್ದವನಿಗೂ ಇಮ್ಮಡಿ ದಂಡ ಹಾಕಬೇಕು ಎಂದು ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದವರು ವಿಜ್ಞಾನೇಶ್ವರರು. ಅವರು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವರು. ಅಂದರೆ ಮರುವಿಚಾರಣೆಯೆಂಬುದು ಇಂಗ್ಲಿಷರು ಹಡಗಿನಲ್ಲಿ ತಂದ ಸರಕಲ್ಲ. ಅದು ನಮ್ಮ ನೆಲದಲ್ಲಿ ವಿದ್ವಾಂಸರು ಕುಳಿತು ವಿಚಾರ ಮಾಡಿದ ವಿಷಯ.

ಆದರೆ ಪುಸ್ತಕದಲ್ಲಿರುವುದು ಬೇರೆ, ಅಧಿಕಾರ ಮಾಡುವುದು ಬೇರೆ. ಅದೇ ಕಲ್ಯಾಣದಲ್ಲಿ, ಅದೇ ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನವರಿಗೂ ಬ್ರಾಹ್ಮಣ ಮಧುವರಸರಿಗೂ ಏನಾಯಿತು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಮಕ್ಕಳಿಗೆ ಮದುವೆ ಮಾಡಿದ್ದೇ ಅಪರಾಧವಾಯಿತು, ಎಳೆಹೂಟೆಯ ಶಿಕ್ಷೆಯಾಯಿತು. ಅಲ್ಲಿ ಮರಳಿ ಕೇಳುವವರು ಯಾರಿದ್ದರು? ವಿಜ್ಞಾನೇಶ್ವರರ ಗ್ರಂಥ ಅರಮನೆಯ ಗೂಡಿನಲ್ಲಿ ಇದ್ದಿರಬಹುದು, ಅರಮನೆಯ ಹೃದಯದಲ್ಲಿ ಇರಲಿಲ್ಲ. ಕೇಳುವ ಕಿವಿ ಮುಚ್ಚಿದ ದಿನವೇ ಕಲ್ಯಾಣ ಕೆಟ್ಟಿತು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಕೇಳಿರಿ.

ಕಂಪನಿ ಸರಕಾರದ ಕಾಲದಲ್ಲಿ ನಮ್ಮ ಭಾಗದ ವೀರರಿಗೆ ಮೊರೆಯಿಡುವ ಬಾಗಿಲೇ ಇರಲಿಲ್ಲವೆಂದು ಹೇಳಬಹುದು. ಸಂಗೊಳ್ಳಿ ರಾಯಣ್ಣನನ್ನು 1831ರ ಜನೆವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರಲ್ಲಿ ಆಯುಧ ಕೊಡಲೊಲ್ಲೆವೆಂದ ಹಲಗಲಿಯ ಬೇಡರನ್ನು ಅದೇ ಡಿಸೆಂಬರದಲ್ಲಿ, ಹಿಡಿದ ಕೆಲವೇ ದಿನಗಳಲ್ಲಿ, ಮುಧೋಳದಲ್ಲಿಯೂ ಅವರ ಊರಿನಲ್ಲಿಯೂ ಗಲ್ಲಿಗೆ ಹಾಕಿದರು. ನರಗುಂದದ ಬಾಬಾಸಾಹೇಬರನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹಿಡಿದವನೇ ವಿಚಾರಿಸುವವನು, ವಿಚಾರಿಸಿದವನೇ ಹಗ್ಗ ಹಾಕುವವನು. ಹೀಗಿದ್ದಾಗ ಅಪೀಲು ಯಾರಿಗೆ?

ಆಮೇಲೆ ರಾಣಿಯ ಸರಕಾರ ಬಂದಿತು. 1862ರಲ್ಲಿ ಮುಂಬಯಿಯಲ್ಲಿ ಹೈಕೋರ್ಟು ಆಯಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿದ್ದರಿಂದ ಚಿಕ್ಕೋಡಿಯವರಿಗೂ ಸೊಲ್ಲಾಪುರದವರಿಗೂ ಅದೇ ದೊಡ್ಡ ಬಾಗಿಲು. ಮುಂದೆ 1898ರ ಫೌಜದಾರಿ ಕಾರ್ಯವಿಧಾನದ ಕಾಯದೆ ಬಂದಿತು. ಸೆಷನ್ಸ್ ನ್ಯಾಯಾಧೀಶನು ಮರಣದಂಡನೆ ಕೊಟ್ಟರೆ ಅದು ತಾನೇ ಜಾರಿಯಾಗುವಂತಿರಲಿಲ್ಲ. ಕಾಗದಪತ್ರಗಳೆಲ್ಲ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಕಡಿಮೆಯೆಂದರೆ ಇಬ್ಬರು ನ್ಯಾಯಮೂರ್ತಿಗಳು ನೋಡಿ ಸ್ಥಿರಪಡಿಸಬೇಕು. ಇಬ್ಬರಲ್ಲಿ ಭೇದ ಬಂದರೆ ಮೂರನೆಯವರ ಮುಂದೆ ಇಡಬೇಕು. ಅವರು ಶಿಕ್ಷೆ ಸ್ಥಿರಪಡಿಸಬಹುದು, ಇಳಿಸಬಹುದು, ಬಿಡುಗಡೆ ಮಾಡಬಹುದು, ಹೊಸ ವಿಚಾರಣೆಗೂ ಹೇಳಬಹುದು. ಇದಲ್ಲದೆ ಅಪರಾಧಿಯು ತಾನಾಗಿ ಅಪೀಲು ಮಾಡಬಹುದು. ಅದಕ್ಕೆ ಅವಧಿ ಎಷ್ಟು ಗೊತ್ತೇ? ಏಳು ದಿನ. ಆ ಅವಧಿಯನ್ನು ನ್ಯಾಯಾಧೀಶನೇ ಅಪರಾಧಿಗೆ ತಿಳಿಸಬೇಕೆಂದು ಕಾಯದೆ ಹೇಳುತ್ತಿತ್ತು. ಸತ್ತವರ ಕರ್ಮಾದಿಗಳು ಮುಗಿಯುವ ಮೊದಲೇ, ಸಾಯಲಿರುವವನು ವಕೀಲರನ್ನು ಹುಡುಕಬೇಕು, ಹಣ ಹೊಂದಿಸಬೇಕು, ಇಂಗ್ಲಿಷಿನಲ್ಲಿ ಅರ್ಜಿ ಬರೆಸಬೇಕು!

ಇಷ್ಟಾದರೂ ಇದು ಒಂದು ಏಣಿ. ಇಲ್ಲವೆನ್ನಲಾಗದು. ಸೆಷನ್ಸ್ ಕೋರ್ಟು, ಹೈಕೋರ್ಟು, ಅದರ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲು, ಇನ್ನೊಂದು ಕಡೆ ಗವರ್ನರ್, ವೈಸರಾಯ್. ಆದರೆ ಏಣಿಯ ಮೇಲಿನ ಹಂತಗಳು ಯಾರ ಕೈಯಲ್ಲಿ ಇದ್ದವು ಎಂಬುದೇ ಪ್ರಶ್ನೆ. ಪ್ರಿವಿ ಕೌನ್ಸಿಲಿಗೆ ಫೌಜದಾರಿ ಮೊಕದ್ದಮೆಯಲ್ಲಿ ಹಕ್ಕಿನ ಅಪೀಲು ಇರಲಿಲ್ಲ. ವಿಶೇಷ ಅನುಮತಿ ಬೇಡಬೇಕು. ಸಾಕ್ಷಿ ತೂಗುವುದರಲ್ಲಿ ಕೆಳಗಿನವರು ತಪ್ಪಿದರು ಎಂದರೆ ಅಲ್ಲಿ ಕೇಳುತ್ತಿರಲಿಲ್ಲ. ನ್ಯಾಯದ ಬುಡಕ್ಕೇ ಕೊಡಲಿ ಬಿದ್ದಿದೆ ಎಂದು ತೋರಿಸಬೇಕು. ಸಮುದ್ರದಾಚೆ ವಕೀಲರನ್ನು ಹಿಡಿಯುವ ಶಕ್ತಿ ನೇಕಾರನಿಗೆ, ಒಕ್ಕಲಿಗನಿಗೆ, ಗಿರಣಿಯ ಆಳಿಗೆ ಎಲ್ಲಿಂದ ಬರಬೇಕು?

ಈಗ ಸೊಲ್ಲಾಪುರದ ಮಾತು. ಅದು ನಮಗೆ ಪರಸ್ಥಳವಲ್ಲ. ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ ಅದು. ಸಂಕ್ರಮಣದ ಜಾತ್ರೆಗೆ, ನಂದೀಧ್ವಜದ ಮೆರವಣಿಗೆ ನೋಡಲು, ನಿಮ್ಮಲ್ಲಿ ಎಷ್ಟೋ ಮಂದಿ ಹೋಗಿಬಂದವರಿದ್ದೀರಿ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳಿಸುವ ಗಿರಣಿಗಳ ಊರು.

1930ರ ಮೇ 5ರ ನಡುರಾತ್ರಿ ದಾಂಡಿಯ ಹತ್ತಿರ ಮಹಾತ್ಮಾ ಗಾಂಧಿಯವರನ್ನು ಬಂಧಿಸಿ ಯೆರವಡಾ ಜೈಲಿಗೆ ಒಯ್ದರು. ಸುದ್ದಿ ತಿಳಿದು ಸೊಲ್ಲಾಪುರದಲ್ಲಿ ಹರತಾಳವಾಯಿತು, ಗಿರಣಿ ನಿಂತವು. ಮೇ 8ರಂದು ಜನ ಶಿಂದಿಯ ಗಿಡ ಕಡಿಯಲು ಹೋದಾಗ ಗಲಾಟೆಯಾಗಿ ಪೋಲೀಸರು ಗುಂಡು ಹಾರಿಸಿದರು, ಜನ ಸತ್ತರು. ರೊಚ್ಚಿಗೆದ್ದ ಗುಂಪು ಮಂಗಳವಾರ ಪೇಟೆಯ ಪೋಲೀಸ್ ಚೌಕಿಗೆ ಬೆಂಕಿ ಹಚ್ಚಿತು; ಅಲ್ಲಿ ಪೋಲೀಸರು ಪ್ರಾಣ ಕಳೆದುಕೊಂಡರು. ನ್ಯಾಯಾಲಯದ ಕಟ್ಟಡವೂ ಸುಟ್ಟಿತು. ಕೆಲವು ದಿನ ಊರಿನಲ್ಲಿ ಸರಕಾರವೇ ಇರಲಿಲ್ಲ. ಸ್ವಯಂಸೇವಕರೇ ಓಣಿ ಕಾಯ್ದರು. ಮೇ 12ರಂದು ಫೌಜಿ ಕಾಯದೆ ಜಾರಿಯಾಗಿ ಜೂನ್ 30ರ ವರೆಗೆ ಸೈನಿಕರ ಆಳಿಕೆ ನಡೆಯಿತು.

ಚೌಕಿಯ ಪೋಲೀಸರ ಕೊಲೆಯ ಆರೋಪದ ಮೇಲೆ ನಾಲ್ವರಿಗೆ ಮರಣದಂಡನೆಯಾಯಿತು. ಅವರ ಹೆಸರು ಕೇಳಿರಿ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ. ಒಬ್ಬನು ನಮ್ಮ ಲಿಂಗವಂತ, ಒಬ್ಬನು ಮುಸಲ್ಮಾನ, ಒಬ್ಬನು ಮಾರವಾಡಿ, ಒಬ್ಬನು ಮರಾಠ. ಊಟದ ಪಂಕ್ತಿಯಲ್ಲಿ ಇವರನ್ನು ಒಟ್ಟಿಗೆ ಕೂಡಿಸಲು ಆ ಕಾಲದ ಊರು ಒಪ್ಪುತ್ತಿತ್ತೋ ಇಲ್ಲವೋ! ಸರಕಾರವು ಗಲ್ಲಿನ ಪಂಕ್ತಿಯಲ್ಲಿ ಒಟ್ಟಿಗೆ ನಿಲ್ಲಿಸಿತು.

ತೀರ್ಪು ಏಣಿ ಏರಿತು. ಮುಂಬಯಿ ಹೈಕೋರ್ಟು ಶಿಕ್ಷೆಯನ್ನು ಕಾಯ್ದುಕೊಂಡಿತು. ಜೀವದಾನ ಕೊಡಿರೆಂದು ಜನರ ಮೊರೆ ಹೋಯಿತು. ಆಗ ಮುಂಬಯಿಯ ಗವರ್ನರ್ ಸರ್ ಫ್ರೆಡರಿಕ್ ಸೈಕ್ಸ್. ವೈಸರಾಯ್ ಲಾರ್ಡ್ ಅರ್ವಿನ್. ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತು ಕೂತು ಹಿಂದುಸ್ಥಾನಕ್ಕೆ ಏನು ಕೊಡಬೇಕೆಂದು ಮಾತನಾಡುತ್ತಿದ್ದ ದಿನಗಳವು. ನಾಲ್ಕು ಜೀವ ಕೊಡಲು ಮಾತ್ರ ಯಾರೂ ಮುಂದಾಗಲಿಲ್ಲ. 1931ರ ಜನೆವರಿ 12ರಂದು, ಸಿದ್ಧರಾಮನ ಜಾತ್ರೆಯ ಸಂಕ್ರಮಣಕ್ಕೆ ಎರಡೇ ದಿನ ಇರುವಾಗ, ಪುಣೆಯ ಯೆರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಗಾಂಧೀಜಿಯವರು ಅದೇ ಜೈಲಿನ ಗೋಡೆಗಳ ಒಳಗೆ ಬಂದಿಯಾಗಿದ್ದರು. ಅವರ ಬಿಡುಗಡೆಯಾದದ್ದು ಹದಿನಾಲ್ಕು ದಿನಗಳ ನಂತರ, ಜನೆವರಿ 26ರಂದು. ಇಂದು ಸೊಲ್ಲಾಪುರದ ಚೌಕದಲ್ಲಿ ನಾಲ್ವರ ಪುತ್ಥಳಿಗಳು ಒಟ್ಟಿಗೆ ನಿಂತಿವೆ. ನಿರಪರಾಧಿಗಳನ್ನು ಕೊಂದರೆಂದೇ ಆ ಊರು ನಂಬುತ್ತದೆ.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಬಾರದು. ಚೌಕಿಯಲ್ಲಿ ಸತ್ತ ಪೋಲೀಸರೂ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇ. ಅವರ ಮನೆಯಲ್ಲೂ ಒಲೆ ಆರಿತು. ಅವರ ಸಾವಿಗೆ ನ್ಯಾಯ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನ್ಯಾಯವೆಂದರೆ ಮಾಡಿದವನನ್ನು ಹುಡುಕುವುದು. ಸಿಕ್ಕವನನ್ನು ಹಿಡಿದು ಲೆಕ್ಕ ತುಂಬಿಸುವುದಲ್ಲ. ಗುಂಪು ಮಾಡಿದ ಕೃತ್ಯದಲ್ಲಿ ಯಾರ ಕೈ ಯಾವುದೆಂದು ಹೇಳುವುದು ಕಷ್ಟ. ಅದರಲ್ಲೂ ತನ್ನ ಮಾನ ಕಳೆದುಕೊಂಡ ಸರಕಾರವೇ ವಾದಿಯಾಗಿ, ಅದೇ ಸರಕಾರದ ಮುಖ್ಯಸ್ಥನೇ ಜೀವಭಿಕ್ಷೆ ಕೊಡುವವನೂ ಆಗಿರುವಾಗ, ಆ ಭಿಕ್ಷೆಯ ಜೋಳಿಗೆ ತುಂಬುವುದು ಹೇಗೆ? ಏಣಿ ಇತ್ತು; ಏಣಿಯ ತುದಿಯಲ್ಲಿ ಕಿವಿ ಇರಲಿಲ್ಲ.

ಅದೇ ವರ್ಷ ಲಾಹೋರಿನಲ್ಲಿ ಏಣಿಯನ್ನೇ ತೆಗೆದರು. ಭಗತಸಿಂಗ ಮೊದಲಾದವರ ವಿಚಾರಣೆಗೆ 1930ರಲ್ಲಿ ವೈಸರಾಯ್ ಒಂದು ಸುಗ್ರೀವಾಜ್ಞೆ ಹೊರಡಿಸಿ ವಿಶೇಷ ನ್ಯಾಯಮಂಡಳಿ ಮಾಡಿದನು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಇಲ್ಲವೆಂದೇ ವಿಧಿಸಿದನು. ಪ್ರಿವಿ ಕೌನ್ಸಿಲು ಅನುಮತಿ ನಿರಾಕರಿಸಿತು. 1931ರ ಮಾರ್ಚ್ 23ರಂದು ಮೂವರೂ ಗಲ್ಲಿಗೇರಿದರು.

ಆ ಮೊಕದ್ದಮೆಯಲ್ಲಿ ನಡೆದ ಒಂದು ಸಂಗತಿ ನಮ್ಮ ಇಂದಿನ ವಿಚಾರಕ್ಕೆ ಬಹಳ ಬೇಕಾದದ್ದು. ಭಗತಸಿಂಗನ ತಂದೆ ಕಿಶನಸಿಂಗರು, ತಮ್ಮ ಮಗ ನಿರಪರಾಧಿಯೆಂದು ನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. ಮಗನಿಗೆ ತಿಳಿದು ಕಡುನೋವಾಯಿತು. ತನ್ನನ್ನು ಕೇಳದೆ ಹೀಗೆ ಮಾಡಿದ್ದು ತತ್ತ್ವಕ್ಕೆ ಬಾಧಕವೆಂದು ತಂದೆಗೆ ಕಠಿಣವಾದ ಪತ್ರ ಬರೆದನು. ತನಗಾಗಿ ಜೀವ ಬೇಡಲಿಲ್ಲ. ಕೊಲ್ಲುವುದಾದರೆ ಯುದ್ಧಕೈದಿಯಂತೆ ಗುಂಡಿಟ್ಟು ಕೊಲ್ಲಿರೆಂದನು.

ಇದನ್ನು ಕೇಳಿ ಕೆಲವು ತರುಣರು ನಮ್ಮನ್ನು ಕೇಳುತ್ತಾರೆ: ‘ಅಪ್ಪಗಳೇ, ಹಾಗಾದರೆ ಶತ್ರುವಿನ ಮುಂದೆ ಅಪೀಲು ಮಾಡುವುದು, ದಯೆ ಬೇಡುವುದು ಹೇಡಿತನವಲ್ಲವೇ? ಸೊಲ್ಲಾಪುರದವರಿಗಾಗಿ ಮೊರೆಯಿಟ್ಟವರು ಸಣ್ಣವರಾದರೇ?’ ಪ್ರಶ್ನೆ ಸುಲಭದ್ದಲ್ಲ. ನಾವು ಹೇಳುವುದಿಷ್ಟು. ತನ್ನ ಜೀವದ ಮೇಲೆ ತನಗೆ ಹಕ್ಕಿದೆ. ಅದನ್ನು ತತ್ತ್ವಕ್ಕಾಗಿ ಕೊಡುತ್ತೇನೆಂದವನು ವೀರನೇ. ಆದರೆ ಇನ್ನೊಬ್ಬರ ಜೀವದ ಮೇಲೆ ನಮಗೆ ಆ ಹಕ್ಕಿಲ್ಲ. ‘ಸಾಯಲಿ, ಹುತಾತ್ಮನಾಗುತ್ತಾನೆ’ ಎಂದು ದಡದಲ್ಲಿ ಕುಳಿತವರು ಹೇಳಬಾರದು. ಮಗನು ಬೇಡೆನ್ನುವುದು ಮಗನ ಧರ್ಮ. ತಂದೆ ಬೇಡಿಕೊಳ್ಳುವುದು ತಂದೆಯ ಧರ್ಮ. ಎರಡೂ ಸುಳ್ಳಲ್ಲ. ಇನ್ನೊಬ್ಬನ ಜೀವಕ್ಕಾಗಿ ಸೆರಗೊಡ್ಡಿದವರು ಯಾವ ಕಾಲಕ್ಕೂ ಸಣ್ಣವರಾಗುವುದಿಲ್ಲ. ಸಣ್ಣವನಾಗುವುದು ಕೇಳಿಯೂ ಕೊಡದವನು.

ಮೊರೆಯಿಂದ ಇನ್ನೊಂದು ಲಾಭವಿದೆ. ಹಲಗಲಿಯ ಬೇಡರ ಮಾತು ನಮಗೆ ಲಾವಣಿಯಲ್ಲಿ ಉಳಿಯಿತು. ಅವರನ್ನು ಕೊಂದವರ ಮಾತು ಮಾತ್ರ ದಫ್ತರದಲ್ಲಿ ಉಳಿಯಿತು. ಅಪೀಲು ಎಂದರೆ ನನ್ನ ಮಾತನ್ನೂ ಬರೆದುಕೊಳ್ಳಿರಿ ಎಂಬ ಹಟ. ಇಂದು ಸೋತರೂ ಆ ಕಾಗದ ಮುಂದೆ ಸಾಕ್ಷಿ ನುಡಿಯುತ್ತದೆ.

ಸೊಲ್ಲಾಪುರದ ನಂತರವೂ ಹೀಗೆಯೇ ನಡೆಯಿತು. ಕಾಸರಗೋಡಿನ ಕಡೆಯ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕ ಪೋಲೀಸನೊಬ್ಬನು ಹೊಳೆಯಲ್ಲಿ ಸತ್ತನು. ಮಂಗಳೂರಿನ ಸೆಷನ್ಸ್ ಕೋರ್ಟು ಮರಣದಂಡನೆ ವಿಧಿಸಿತು. ಮದರಾಸು ಹೈಕೋರ್ಟಿನಲ್ಲೂ ಅಪೀಲು ಫಲಿಸಲಿಲ್ಲ. ಚಿಕ್ಕ ವಯಸ್ಸಿನವನೆಂದು ಒಬ್ಬನು ಉಳಿದನು; ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರು ‘ಚಿರಸ್ಮರಣೆ’ಯೆಂಬ ಕಾದಂಬರಿ ಬರೆದದ್ದು ಇವರ ಮೇಲೆಯೇ. ಅದೇ ತಿಂಗಳು 8, 9, 10ರಂದು ಬೆಂಗಳೂರಿನ ಜೈಲಿನಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನ ಐವರು ಗಲ್ಲಿಗೇರಿದರು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರನೂ ಪೋಲೀಸ್ ಅಧಿಕಾರಿಯೂ ಕೊಲೆಯಾಗಿದ್ದರು. ಈಸೂರು ಮೈಸೂರು ಸಂಸ್ಥಾನದ ಊರು. ಅಲ್ಲಿ ನ್ಯಾಯಾಧೀಶರೂ ನಮ್ಮವರೇ, ಅರಸರೂ ನಮ್ಮವರೇ. ಆದ್ದರಿಂದ ಚರ್ಮದ ಬಣ್ಣ ಬದಲಾದ ಮಾತ್ರಕ್ಕೆ ಕಿವಿ ತೆರೆಯುವುದಿಲ್ಲವೆಂಬುದನ್ನೂ ತಿಳಿಯಬೇಕು.

ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನ ರಾಜನಿಗೂ ಅವನ ಮಗ ಸತ್ಯವಾನನಿಗೂ ಒಂದು ಸಂವಾದ ಬರುತ್ತದೆ. ಸಾವಿತ್ರಿಯ ಗಂಡನಾದ ಸತ್ಯವಾನನೇ ಇವನು. ಅರಸನ ಆಜ್ಞೆಯಂತೆ ಕೆಲವರನ್ನು ವಧೆಗೆ ಒಯ್ಯುವುದನ್ನು ಕಂಡು ಮಗನು ತಂದೆಗೆ ಹೇಳುತ್ತಾನೆ: ಒಬ್ಬ ಕಳ್ಳನನ್ನು ಕೊಂದರೆ ಅವನೊಬ್ಬನೇ ಸಾಯುವುದಿಲ್ಲ, ಅವನ ಹೆಂಡತಿ, ತಾಯಿ, ತಂದೆ, ಮಕ್ಕಳು, ಏನೂ ಮಾಡದವರು, ಅವರೂ ಕೊಲ್ಲಲ್ಪಟ್ಟಂತೆಯೇ. ಕೆಟ್ಟವನೂ ಮುಂದೆ ಒಳ್ಳೆಯವನಾಗಬಹುದು. ಬುಡಸಹಿತ ಕಿತ್ತರೆ ಆ ದಾರಿ ಎಲ್ಲಿ? ತಂದೆಯೂ ಸುಮ್ಮನಿರುವುದಿಲ್ಲ. ಜನ ಕೆಟ್ಟ ಕಾಲದಲ್ಲಿ ಮೆತ್ತಗಿನ ದಂಡನೆಯಿಂದ ಲೋಕ ನಡೆಯುವುದಿಲ್ಲವೆಂದು ವಾದಿಸುತ್ತಾನೆ. ವ್ಯಾಸರು ಎರಡೂ ಮಾತನ್ನು ನಮ್ಮ ಮುಂದೆ ಇಟ್ಟಿದ್ದಾರೆ. ಯಮನ ಕೈಯಿಂದ ಮರಳಿ ಬಂದ ಸತ್ಯವಾನನ ಬಾಯಿಂದಲೇ ಈ ವಾದ ಬಂದಿದೆಯೆಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಏನು ಬದಲಾಯಿತು ಎಂದು ಕೇಳುವಿರಿ. 1949ರಲ್ಲಿ ಪ್ರಿವಿ ಕೌನ್ಸಿಲಿಗೆ ಹೋಗುವ ದಾರಿ ಮುಚ್ಚಿತು. 1950ರಲ್ಲಿ ನಮ್ಮದೇ ಸುಪ್ರೀಮ್ ಕೋರ್ಟು ಬಂದಿತು. ಸಂವಿಧಾನದ 72ನೆಯ ವಿಧಿಯಿಂದ ರಾಷ್ಟ್ರಪತಿಗಳೂ 161ನೆಯ ವಿಧಿಯಿಂದ ರಾಜ್ಯಪಾಲರೂ ಕ್ಷಮಾದಾನದ ಅಧಿಕಾರ ಪಡೆದರು. ಏಳು ದಿನದ ಅವಧಿ 1963ರ ಕಾಯದೆಯಿಂದ ಮೂವತ್ತು ದಿನವಾಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಇಂಗ್ಲಿಷರ ಕಾಯದೆಯಲ್ಲಿ, ಕೊಲೆಯಂಥ ಅಪರಾಧದಲ್ಲಿ ನ್ಯಾಯಾಧೀಶನು ಗಲ್ಲು ಕೊಡದೆ ಬೇರೆ ಶಿಕ್ಷೆ ಕೊಟ್ಟರೆ, ಯಾಕೆ ಉಳಿಸಿದೆನೆಂದು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಅದನ್ನು ತೆಗೆಯಿತು. 1973ರ ಕಾಯದೆ ಅದನ್ನು ತಿರುಗಿಸಿಯೇ ಬಿಟ್ಟಿತು: ಗಲ್ಲು ಕೊಟ್ಟರೆ ಯಾಕೆ ಕೊಂದೆನೆಂದು ವಿಶೇಷ ಕಾರಣ ಬರೆಯಬೇಕು. 1980ರಲ್ಲಿ ಸುಪ್ರೀಮ್ ಕೋರ್ಟು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಈ ಶಿಕ್ಷೆಯೆಂದಿತು. ಉಳಿಸಲು ಕಾರಣ ಬೇಕೋ, ಕೊಲ್ಲಲು ಕಾರಣ ಬೇಕೋ? ಇಷ್ಟೇ ವ್ಯತ್ಯಾಸ, ಆದರೆ ಒಂದು ರಾಜ್ಯದ ಅಂತಃಕರಣವೆಲ್ಲ ಇದರಲ್ಲಿಯೇ ಇದೆ.

ಹಾಗೆಂದು ಗಲ್ಲುಗಂಬ ಹೋಗಿಲ್ಲ. ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿಯೇ ಅದು ಇದೆ. ಆದ್ದರಿಂದ ಈ ವಿಚಾರ ಹಳೆಯದೆಂದು ತಳ್ಳಬೇಡಿರಿ.

ಭಕ್ತರೇ, ಏಣಿಯ ಮೇಲಿನ ಹಂತಗಳ ಮಾತು ಸಾಕು. ಕೆಳಗಿನ ಹಂತ ಯಾವುದು? ಅದು ಸೆಷನ್ಸ್ ಕೋರ್ಟಲ್ಲ. ಊರಿನ ಕಟ್ಟೆ. ಅಲ್ಲಿ ಕುಳಿತ ನೀವು. ಸಾಕ್ಷಾತ್ ನೋಡಿದವನೇ ಸಾಕ್ಷಿ ಎಂದು ಪಾಣಿನಿಯ ವ್ಯಾಕರಣ ಹೇಳುತ್ತದೆ. ಕೇಳಿದವನು ಸಾಕ್ಷಿಯಲ್ಲ, ಊಹಿಸಿದವನು ಸಾಕ್ಷಿಯಲ್ಲ, ಪಕ್ಷ ಹಿಡಿದವನಂತೂ ಅಲ್ಲವೇ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ಹೇಳಿದರು. ನಾವೋ, ಕಾಣದಿದ್ದರೂ ಪ್ರಮಾಣ ಮಾಡಿ ಬರುತ್ತೇವೆ! ನಮ್ಮ ಗುಂಪಿನವನು, ನಮ್ಮ ಭಾವಕಿಯವನು ಎಂದು ಒಂದು ಸುಳ್ಳು. ಅವರ ಗುಂಪಿನವನು ಎಂದು ಒಂದು ಸುಳ್ಳು. ಮೇಲಿನ ನ್ಯಾಯಮೂರ್ತಿಗಳು ನೋಡುವುದು ಕಾಗದ. ಆ ಕಾಗದದಲ್ಲಿ ಕೆಳಗೆ ನೀವು ನುಡಿದ ಸುಳ್ಳು ಕುಳಿತಿದ್ದರೆ ಹೈಕೋರ್ಟು ಏನು ಮಾಡೀತು, ರಾಷ್ಟ್ರಪತಿಗಳು ಏನು ಮಾಡಿಯಾರು? ಸೊಲ್ಲಾಪುರದಲ್ಲಿ ಪರಕೀಯರ ಕಿವಿ ಮುಚ್ಚಿತ್ತೆಂದು ದೂರುವ ನಾವು, ನಮ್ಮ ಬಾಯಿ ಶುದ್ಧವಾಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಅದಕ್ಕಾಗಿ ಶ್ರೀಮಠದ ಭಕ್ತರಲ್ಲಿ ಮೂರು ಮಾತು ಬೇಡುತ್ತೇವೆ. ಇದು ನಮ್ಮ ಜೋಳಿಗೆ.

ಕೊರಳಲ್ಲಿ ಲಿಂಗ ಧರಿಸಿದವನು ಕಟಕಟೆಯಲ್ಲಿ ನಿಂತು ಕಾಣದ್ದನ್ನು ಕಂಡೆನೆಂದು ಹೇಳಬಾರದು. ಕಂಡದ್ದನ್ನು ಕಾಣೆನೆಂದೂ ಹೇಳಬಾರದು. ಎರಡನೆಯದು: ಊರಿನಲ್ಲಿ ಕೊಲೆಯಂಥ ಅನಾಹುತವಾದರೆ ಸತ್ತವನ ಮನೆಗೂ ಹೋಗಿರಿ, ಆರೋಪಿಯ ಮನೆಗೂ ಹೋಗಿರಿ. ಆರೋಪಿಯ ಹೆಂಡತಿ ಮಕ್ಕಳು ಏನು ತಪ್ಪು ಮಾಡಿದ್ದಾರೆ? ಅವರಿಗೆ ನೀರು ಬೆಂಕಿ ನಿಲ್ಲಿಸುವುದು ಸತ್ಯವಾನನು ಹೇಳಿದ ಆ ಎರಡನೆಯ ಕೊಲೆಯೇ ಆಗುತ್ತದೆ. ಮೂರನೆಯದು: ಬಡವನೆಂಬ ಕಾರಣಕ್ಕೆ ಯಾರೂ ವಕೀಲರಿಲ್ಲದೆ ನಿಲ್ಲಬಾರದು. 1987ರ ಕಾಯದೆಯಿಂದ ಪ್ರತಿ ತಾಲೂಕಿನಲ್ಲಿ ಕಾನೂನು ಸೇವಾ ಸಮಿತಿಗಳು ಆಗಿವೆ. ಹಣವಿಲ್ಲದವರಿಗೆ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಿಳಿದವರು ತಿಳಿಯದವರ ಕೈಹಿಡಿದು ಅಲ್ಲಿಗೆ ಕರೆದೊಯ್ಯಿರಿ. ಅದು ಒಂದು ಹೊತ್ತಿನ ದಾಸೋಹಕ್ಕೆ ಕಡಿಮೆಯಾದ ಪುಣ್ಯವಲ್ಲ.

ಮುಂದಿನ ಸಂಕ್ರಮಣಕ್ಕೆ ಸೊಲ್ಲಾಪುರಕ್ಕೆ ಹೋದವರು ಸಿದ್ಧರಾಮೇಶ್ವರರ ದರ್ಶನ ಮಾಡಿ ಹಾಗೆಯೇ ಬರಬೇಡಿರಿ. ಆ ನಾಲ್ವರ ಪುತ್ಥಳಿಯ ಮುಂದೆಯೂ ಒಂದು ಹೂವು ಇಟ್ಟು ಬನ್ನಿರಿ. ನಾಲ್ಕು ಹೂವು ನಾಲ್ಕು ಜಾತಿಯದಾಗುವುದು ಬೇಡ, ಒಂದೇ ಗಿಡದ್ದಿರಲಿ.

ಎಲ್ಲರಿಗೂ ಸದ್ಬುದ್ಧಿಯಾಗಲಿ, ಸನ್ಮಂಗಳವಾಗಲಿ.